ಪಾಳು ನಿಲ್ದಾಣದಲ್ಲಿ ಯಾರೂ ಇಲ್ಲ

ಎಕ್ವಡಾರ್ ಕರಾವಳಿಯ ಲಾ ಗರ್ಸಾ ಪಟ್ಟಣದ ರೈಲು ನಿಲ್ದಾಣವನ್ನು ಪಟ್ಟಣಸಭೆಯು ಸರ್ವಾನುಮತದಿಂದ ಪಾಳು ಎಂದು ಘೋಷಿಸಿತು. ರೈಲು ನಿಂತು ಬಹಳ ಕಾಲವಾಗಿತ್ತು. ರಾಜಧಾನಿಯ ಛಾಯಾಗ್ರಾಹಕರು ಅಲ್ಲಿನ ಸುಣ್ಣ ಉದುರಿದ ಗೋಡೆ, ಹಳಿಗಳ ನಡುವೆ ಎದ್ದ ಪಪ್ಪಾಯಿ ಗಿಡಗಳ ಚಿತ್ರ ತೆಗೆದು ಹೆಸರು ಮಾಡಿದ್ದರು. ಪಾಳು ಕೆಡದಂತೆ, ಅಂದರೆ ದುರಸ್ತಿಯಾಗದಂತೆ, ಕಾಪಾಡಲು ಒಂದು ಇಲಾಖೆಯೂ ಹುಟ್ಟಿತು.

ತೊಡಕು ಒಂದೇ. ಸ್ಟೇಷನ್ ಮಾಸ್ತರನ ವಿಧವೆ ನೆಲ್ವಾ ಮೊರೇರಾ ಟಿಕೆಟ್ ಕೋಣೆಯಲ್ಲೇ ವಾಸವಾಗಿದ್ದು, ಬಟ್ಟೆ ಹೊಲಿದು ಬದುಕುತ್ತಿದ್ದಳು. ಸೂರು ನೇರ ಹೊಲಿಗೆ ಯಂತ್ರದ ಮೇಲೇ ಸೋರುತ್ತಿತ್ತು. ಯಂತ್ರ ತುಕ್ಕು ಹಿಡಿದರೆ ಅವಳ ಅನ್ನ ಹೋದಂತೆ. ಮಳೆಗಾಲಕ್ಕೆ ಮುಂಚೆ ಅವಳು ತಗಡು ಹಿಡಿದು ಏಣಿ ಹತ್ತಿದಾಗ ಇಲಾಖೆಯ ನಿರ್ದೇಶಕ ಸೆದೆನ್ಯೊ ಬಂದ.

"ದೋನ್ಯಾ ನೆಲ್ವಾ, ಇಳೀರಮ್ಮಾ. ತಗಡು ಹಾಕಿದ್ರೆ ಪಾಳಿನ ಅಂದ ಕೆಡುತ್ತೆ."

"ಸೋರ್ತಿದೆಯಲ್ಲಪ್ಪ."

"ಸೋರೋದಕ್ಕೆ ಅನುಮತಿ ಇದೆ. ತಡೆಯೋದಕ್ಕಿಲ್ಲ."

"ಹಾಗಾದ್ರೆ ನಾನೆಲ್ಲಿರ್ಲಿ?"

"ಇದು ನಿರ್ಜನ ಕಟ್ಟಡ ಅಂತ ಆದೇಶ ಆಗಿದೆ. ಅಂದ್ಮೇಲೆ ನೀವು ಇಲ್ಲಿ ಇಲ್ಲವೇ ಇಲ್ಲ. ಇಲ್ಲದೋರು ಎಲ್ಲಿರಬೇಕು ಅನ್ನೋ ಪ್ರಶ್ನೆ ಇಲಾಖೆಗೆ ಬರಲ್ಲ."

ನೆಲ್ವಾ ಕೆಳಗಿಳಿದು, ಅವನಿಗೆ ಬಾಳೆಕಾಯಿ ಉಂಡೆ, ಕಾಫಿ ಕೊಟ್ಟಳು. ಸೆದೆನ್ಯೊ ಬಾಯಿ ಚಪ್ಪರಿಸಿ, "ಚೆನ್ನಾಗಿದೆ" ಅಂದ.

"ಯಾರು ಮಾಡಿದ್ರೋ ಏನೋ" ಅಂದಳು ನೆಲ್ವಾ.

ಕೆಲವು ದಿನಗಳಲ್ಲಿ ನೀರಿನ ಕಂದಾಯ ಕೇಳಲು ಪಟ್ಟಣಸಭೆಯ ಆಳು ಬಂದ. ನೆಲ್ವಾ ಹೊಲಿಗೆಯಿಂದ ತಲೆ ಎತ್ತದೆ, "ಇಲ್ಲಿ ಯಾರೂ ಇಲ್ಲ" ಅಂದಳು. ಅವನು ಗೋಡೆಗೆ ಅಂಟಿಸಿದ್ದ 'ನಿರ್ಜನ ಕಟ್ಟಡ' ಎಂಬ ಆದೇಶ ಓದಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಹೋದ.

ಸುದ್ದಿ ಹಬ್ಬಿತು. ಮೀನು ಮಾರುವವಳು, ಕ್ಷೌರಿಕ, ಪಾದ್ರಿ, ಎಲ್ಲರೂ ತಮ್ಮ ತಮ್ಮ ಕಟ್ಟಡ ಪಾಳೆಂದು ಅರ್ಜಿ ಹಾಕಿದರು. ಕ್ಷೌರಿಕ ಪುರಾವೆಗೆಂದು ಅಂಗಡಿಯ ಗೋಡೆಯನ್ನು ತಾನೇ ಒದ್ದು ಕೆಡವಿದ. ಕೊನೆಗೆ ಪಟ್ಟಣಸಭೆಯ ಕಟ್ಟಡವೂ ಪಾಳಾಯಿತು. ಅಂದಿನಿಂದ ಅಲ್ಲಿ ಯಾರೂ ಇಲ್ಲ. ಅಹವಾಲು ತಂದವರಿಗೆ ಗುಮಾಸ್ತರು ಕುರ್ಚಿಯಲ್ಲಿ ಕೂತೇ ಹಾಗೆಂದು ತಿಳಿಸುತ್ತಾರೆ. ಆಡಳಿತದಲ್ಲಿ ಯಾರಿಗೂ ವ್ಯತ್ಯಾಸ ಕಂಡಿಲ್ಲ.

ಮೊದಲ ಮಳೆಯ ದಿನ ನೆಲ್ವಾ ತಗಡು, ಸುತ್ತಿಗೆ ಹಿಡಿದು ಮತ್ತೆ ಸೂರು ಹತ್ತಿದಳು. ಸೆದೆನ್ಯೊ ಓಡಿ ಬಂದ.

"ದಂಡ ಬೀಳುತ್ತೆ, ದೋನ್ಯಾ."

"ಯಾರಿಗಪ್ಪ?"

ಅವನು ಯೋಚಿಸಿದ. "ಅದೂ ಸರಿಯೇ. ನಮ್ಮ ಕಚೇರಿಯೂ ಪಾಳಾಯ್ತಲ್ಲ, ದಂಡ ಹಾಕೋಕೆ ನಾನೂ ಇಲ್ಲ." ಏಣಿ ಜಾರುವಂತಿತ್ತು. ಹೋಗಿ ಹಿಡಿದುಕೊಂಡ.

ಆಗಲೇ ಒಬ್ಬ ಛಾಯಾಗ್ರಾಹಕಿ ಕ್ಯಾಮರಾ ಕ್ಲಿಕ್ಕಿಸಿದಳು. ಆ ಚಿತ್ರಕ್ಕೆ ರಾಜಧಾನಿಯಲ್ಲಿ ಮೊದಲ ಬಹುಮಾನ ಬಂತು. ಸೂರಿನ ಮೇಲೆ ಮೊಳೆ ಹೊಡೆಯುತ್ತಿರುವ ನೆಲ್ವಾ, ಏಣಿ ಹಿಡಿದ ಸೆದೆನ್ಯೊ, ಕೊಡೆ ಹಿಡಿದು ನೋಡುತ್ತಾ ನಿಂತ ಅರ್ಧ ಊರು, ಎಲ್ಲವೂ ಅದರಲ್ಲಿ ಸ್ಪಷ್ಟವಾಗಿದೆ. ಪ್ರದರ್ಶನಕ್ಕೆ ಬಂದವರು ಅದರ ಮುಂದೆ ಬಹಳ ಹೊತ್ತು ನಿಂತು, ಪಾಪ, ಎಂಥ ಊರು, ಒಂದು ನರಪಿಳ್ಳೆಯೂ ಉಳಿದಿಲ್ಲ ಎಂದು ಮರುಗುತ್ತಾರೆ.