ಹನೂರಿನ ಕುರ್ಚಿಯಲ್ಲಿ ಕೂತು ಅಮೆರಿಕಕ್ಕೆ ಹೋದದ್ದು

ಮನುಷ್ಯ ಎಲ್ಲಿದ್ದಾನೆಂದು ತಿಳಿಯಬೇಕಾದರೆ ಅವನನ್ನೇ ಕೂಗಿ ಕೇಳುವ ಕಾಲವೊಂದಿತ್ತು. 'ಇಲ್ಲೇ ಇವ್ನಿ' ಎಂದು ಒಳಗಿನಿಂದ ಉತ್ತರ ಬಂದರೆ ಮುಗಿಯಿತು, ಯಾರೂ ಪುರಾವೆ ಕೇಳುತ್ತಿರಲಿಲ್ಲ. ಈಗ ನನ್ನ ಕುರ್ಚಿಯಲ್ಲೇ ಕೂತು ಗಂಟಲು ಹರಿದುಕೊಂಡರೂ ನಾನಿದ್ದೇನೆಂದು ಒಪ್ಪುವವರಿಲ್ಲ. ಸಿಟ್ಟು ಬರಬಾರದೆ, ನೀವೇ ಹೇಳಿ.

ನಾನು ಹನೂರಿನಲ್ಲಿ ರೇಷ್ಮೆ ಬೆಳೆಗಾರರ ಸಂಘವೊಂದರ ಗುಮಾಸ್ತೆ. ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಕಾಮಗೆರೆಯಲ್ಲಿ ಯಾರಾದರೂ ಇಳಿದರೆ ಸೀಟು, ಇಲ್ಲದಿದ್ದರೆ ಕಂಬಿ. ಹೀಗಿರುವಾಗ ಕೊಳ್ಳೇಗಾಲದ ಮುಖ್ಯ ಕಚೇರಿಯಿಂದ ಆಜ್ಞೆ ಬಂತು: ಹಾಜರಿ ಪುಸ್ತಕ ಬಂದ್, ಇನ್ನು ಮೊಬೈಲ್ ಆ್ಯಪಿನಲ್ಲೇ ಹಾಜರಿ, ಅದೂ ಇರುವ ಜಾಗದ ಸಮೇತ. ನನ್ನದೋ ಬಟನ್ ಫೋನು. ಎಷ್ಟು ಸಲ ಬಿದ್ದರೂ ಮೈ ಕೊಡವಿಕೊಂಡು ಏಳುವ ಪ್ರಾಣಿ. ಅದನ್ನು ಬಿಟ್ಟು ಬೇರೆ ಕೊಳ್ಳುವುದಿಲ್ಲವೆಂದು ಹಟ ಹಿಡಿದೆ.

ಪಕ್ಕದ ಮೇಜಿನ ಸಿದ್ದರಾಜು ಉಪಾಯ ಹೇಳಿದ. "ಅಕ್ಕಾ, ಕಂಪ್ಯೂಟರ್ ಒಳ್ಗೇ ಮೊಬೈಲ್ ಮಾಡ್ಬೋದಂತೆ ಕಣಕ್ಕ. ನಮ್ ಬಾಮೈದ ಏಳ್ದ."

ಮಾಡಿದೆ. ಅದಕ್ಕೊಂದು ತಂತ್ರಾಂಶ ಇಳಿಸಿಕೊಂಡರೆ, 'ವರ್ಚುವಲೈಸೇಶನ್ ಆನ್ ಮಾಡಿ' ಎಂದಿತು. ಎಲ್ಲಿ ಎಂದು ಮಾತ್ರ ಹೇಳಲಿಲ್ಲ. ಕಂಪ್ಯೂಟರನ್ನು ನಾಲ್ಕು ಸಲ ಆರಿಸಿ ಹಚ್ಚಿ, ನೀಲಿ ಪರದೆಯೊಳಗೆ ತಡಕಾಡಿ ಆ ಸ್ವಿಚ್ಚು ಹುಡುಕಿದೆ. ಅದರೊಳಗಿನ ಫ್ಯಾನು ರಾಗಿ ಮಿಲ್ಲಿನಂತೆ ಅರಚಿಕೊಂಡಿತು. ಕೊನೆಗೆ ಪರದೆಯ ಮೇಲೆ ಒಂದು ಮೊಬೈಲು ಎದ್ದು ನಿಂತಿತು! ಕೈಯಲ್ಲಿ ಹಿಡಿಯಲಾಗದು, ಚೀಲಕ್ಕೆ ಹಾಕಲಾಗದು, ಆದರೂ ಮೊಬೈಲೇ. ಓಟಿಪಿ ಬಂದದ್ದು ಬಟನ್ ಫೋನಿಗೆ. ಮುದುಕಪ್ಪ ಮೊಮ್ಮಗನಿಗೆ ಜಾಮೀನು ನಿಂತ ಹಾಗೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಸಾಕು, ಆ್ಯಪು ತಾನಾಗಿ ಹಾಜರಿ ಕಳಿಸುತ್ತಿತ್ತು.

ಎಂಟು ದಿನ ಕಳೆದ ಮೇಲೆ ಕೊಳ್ಳೇಗಾಲದಿಂದ ಮ್ಯಾನೇಜರ್ ಫೋನು. "ಏನಮ್ಮಾ, ಏಳ್ದೆ ಕೇಳ್ದೆ ಅಮೆರಿಕಕ್ಕೆ ಓಗ್ಬುಟ್ಟಿದ್ದೀರಲ್ಲ?"

"ಸಾ, ನೀವು ಮಾಡಿರೋದು ಹನೂರ್ ಆಫೀಸಿನ ಫೋನ್‌ಗೆ. ಎತ್ತಿರೋಳು ನಾನು."

"ಅದೆಲ್ಲ ನಂಗೊತ್ತಿಲ್ಲ. ಮ್ಯಾಪಲ್ಲಿ ನಿಮ್ ಚುಕ್ಕೆ ಅಮೆರಿಕದಲ್ಲಿ ಅದೆ. ಎಂಟ್ ದಿನ ರಜೆ ಕಟ್."

ಯಳಂದೂರಿನಲ್ಲಿರುವ ಮಗಳು ಆಗ ಒಂಬತ್ತು ತಿಂಗಳ ಬಸುರಿ. ಅವಳ ಬಾಣಂತನಕ್ಕೆಂದು ಜ್ವರ ಬಂದಾಗಲೂ ತೆಗೆದುಕೊಳ್ಳದೆ ಉಳಿಸಿದ್ದ ರಜೆ ಅದು! ವಿಚಾರಿಸಿದರೆ, ಕಂಪ್ಯೂಟರಿನೊಳಗಿನ ಮೊಬೈಲು ಹುಟ್ಟುವುದೇ ಅಮೆರಿಕದಲ್ಲಂತೆ. ನಾವೇ ಕೈ ಹಿಡಿದು ಊರಿಗೆ ಕರೆತರಬೇಕಂತೆ. ಸೆಟ್ಟಿಂಗಿನಲ್ಲಿ ಮ್ಯಾಪು ತೆರೆದು ಚುಕ್ಕೆಯನ್ನು ಎಳೆದೆ. ಕೈ ಜಾರಿ ಒಮ್ಮೆ ಸಮುದ್ರಕ್ಕೂ ಬಿದ್ದೆ. ಅಂತೂ ಹನೂರು ಮುಟ್ಟಿದೆ. ಹೋದ ಎಂಟು ದಿನ ಮಾತ್ರ ವಾಪಸು ಬರಲಿಲ್ಲ.

ಆ ವಾರವೇ ಮಗಳಿಗೆ ನೋವು ಶುರುವಾಯಿತೆಂದು ಅಳಿಯ ಫೋನು ಮಾಡಿದ. ಸಿದ್ದರಾಜುವಿಗೆ ಹೇಳಿ, ಉಟ್ಟ ಸೀರೆಯಲ್ಲೇ ಯಳಂದೂರಿಗೆ ಓಡಿದೆ. ಹೆಣ್ಣು ಮಗು, ಇಬ್ಬರೂ ಕ್ಷೇಮ. ಮೂರು ದಿನ ಅಲ್ಲೇ ಇದ್ದೆ. ಇತ್ತ ಸಿದ್ದರಾಜು ತನ್ನ ಕೆಲಸಕ್ಕೆಂದು ನನ್ನ ಕಂಪ್ಯೂಟರನ್ನು ದಿನಾ ಹಚ್ಚುತ್ತಿದ್ದನಂತೆ.

ನಾಲ್ಕನೆಯ ದಿನ ನಾನು ಹನೂರಿಗೆ ಕೆಲಸಕ್ಕೆ ಬಂದಾಗ ಮ್ಯಾನೇಜರ್ ಫೋನು ಮಾಡಿದರು. "ನೋಡಮ್ಮಾ, ಮೂರು ದಿನದಿಂದ ಒಂದ್ ನಿಮ್ಷ ಲೇಟಿಲ್ಲ. ಈಗ ದಾರಿಗೆ ಬಂದ್ರಿ."

"ಸಾ, ನಾನು ಯಳಂದೂರಲ್ಲಿದ್ದೆ. ಮಗಳ ಹೆರಿಗೆ."

"ತಮಾಷೆ ಮಾಡ್ಬೇಡಿ," ಎಂದು ಇಟ್ಟೇಬಿಟ್ಟರು.

ಎಂಥ ಅನ್ಯಾಯ! ಇದ್ದಾಗ ಇಲ್ಲವೆಂದರು, ಇಲ್ಲದಾಗ ಇದ್ದೆನೆಂದರು. ಸುಮ್ಮನಿರುವವಳೆ ನಾನು? ಅಂದು ಸಂಜೆ ಬಸ್ಸಿನಲ್ಲೇ ಕೂತು, ನಾನು ಬಂದಿರಲಿಲ್ಲ, ಆ ಮೂರು ದಿನವನ್ನು ನನ್ನ ರಜೆಯಲ್ಲೇ ಕಳೆಯಿರಿ ಎಂದು ಖಾರವಾಗಿ ಅರ್ಜಿ ಬರೆದೆ. ತಿಂಗಳಾಯಿತು, ಅದಿನ್ನೂ ನನ್ನ ಚೀಲದಲ್ಲೇ ಇದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ದುಂಡಗೆ ಬಂದಿಲ್ಲ ನೋಡಿ. ಬಾಣಂತನ ಮುಗಿದ ಮೇಲೆ ಒಂದು ಒಳ್ಳೆಯ ಹಾಳೆಯಲ್ಲಿ ಬರೆದು ಕೊಡೋಣವೆಂದಿದ್ದೇನೆ.