ಹುಳದ ಅಂಗಿಗೆ ಬಿಳಿ ಅಂಚು

ಮನೆ ತುಂಬ ಮಾತಿದ್ದರೂ ಮಾತಾಡಲು ಯಾರೂ ಇಲ್ಲದಂತಿರುವುದು ಸಾಧ್ಯ. ಹೀಗೆಂದರೆ ಸಂಸಾರ ಹಳತಾದ ಹೆಂಗಸರು ಸುಮ್ಮನೆ ತಲೆಯಾಡಿಸುತ್ತಾರೆ, ಉಳಿದವರು ನಗುತ್ತಾರೆ. ನಮ್ಮವರು ಬೆಳಿಗ್ಗೆ ಮಿಶ್ರಿಕೋಟಿಯಿಂದ ಹುಬ್ಬಳ್ಳಿಯ ಅಂಗಡಿಗೆ ಹೊರಡುವಾಗ "ಗಾಡಿ ಕೀಲಿ ಎಲ್ಲೈತಿ?" ಎನ್ನುತ್ತಾರೆ. ಸಂಜೆ ಬಂದು "ಚಾರ್ಜರ್ ಎಲ್ಲೈತಿ?" ಎನ್ನುತ್ತಾರೆ. ನಡುವಿನ ಹೊತ್ತಿನಲ್ಲಿ ಅತ್ತೆಯವರ ಕನ್ನಡಕ, ವಿಭೂತಿ, ಟೀವಿಯ ರಿಮೋಟು. ಎಲ್ಲ ಪ್ರಶ್ನೆಗೂ ನನ್ನಲ್ಲಿ ಉತ್ತರವಿದೆ. ನಾನೆಲ್ಲಿದ್ದೇನೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅಡುಗೆಮನೆಯಲ್ಲಿದ್ದೇನೆಂದು ಎಲ್ಲರಿಗೂ ಗೊತ್ತು.

ಈ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಜಾಡಿಯಿದೆ. ಮನಿ ಪ್ಲಾಂಟ್ ಬೆಳೆಸೋಣವೆಂದು ಹಳ್ಳದಿಂದ ಒಂದು ಹಿಡಿ ಹರಳು ತಂದು ಅದರ ನೀರಿನಲ್ಲಿ ಹಾಕಿದ್ದೆ. ಬಳ್ಳಿ ಕೊಳೆತುಹೋಯಿತು, ಹರಳೊಂದು ನಡೆಯತೊಡಗಿತು. ಕನ್ನಡಕ ಹಾಕಿಕೊಂಡು ನೋಡಿದರೆ ಅದು ಹರಳಲ್ಲ, ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹೊಲಿದಂತಿದ್ದ ಪುಟ್ಟ ಕೊಳವೆ. ಅದರ ತುದಿಯಿಂದ ಒಂದು ಹುಳ ತಲೆ ಹೊರಗೆ ಚಾಚಿ, ಅಂಗಿ ಸಮೇತ ತನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಗಂಟೆಗಟ್ಟಲೆ ನೋಡಿದೆ. ಅದಕ್ಕೆ ನನ್ನಿಂದ ಹುಡುಕಿಸಿಕೊಳ್ಳಬೇಕಾದ್ದೇನೂ ಇರಲಿಲ್ಲ. ಅಷ್ಟಕ್ಕೇ ಅದರ ಮೇಲೆ ಪ್ರೀತಿ ಹುಟ್ಟಿತು.

ಫೋಟೋ ತೆಗೆದು ಧಾರವಾಡದ ಒಬ್ಬ ಮೇಡಮ್ಮರಿಗೆ ಕಳಿಸಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ತಂಗಿಯ ಮಗಳ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಬಾಜೂ ಕೂತಿದ್ದರು. ಅದು ಕ್ಯಾಡಿಸ್‌ಫ್ಲೈ ಎಂಬ ಕೀಟದ ಮರಿಯಂತೆ. ದೊಡ್ಡದಾದ ಮೇಲೆ ಮಾಸಲು ಪತಂಗದ ಹಾಗೆ ಕಾಣುತ್ತದಂತೆ. "ದಿನಾ ಏನೇನ್ ಮಾಡತೈತಿ ನೋಡಿ ಹೇಳ್ರಿ" ಎಂದರು. ಅಂದಿನಿಂದ ಪ್ರತಿ ಶುಕ್ರವಾರ ಅವರ ಫೋನು.

ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಂಡದ್ದನ್ನು ಪೂರ್ಣ ವಾಕ್ಯದಲ್ಲಿ ಹೇಳುವವರೆಗೆ ಕೂರಲು ಬಿಡುತ್ತಿರಲಿಲ್ಲ. ಹಸುವಿನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಹೇಳಿ ನಾನು ಚಪ್ಪಾಳೆ ಗಿಟ್ಟಿಸಿದ್ದೂ ಉಂಟು. ಮದುವೆಯಾದ ಮೇಲೆ ಆ ಇಂಗ್ಲಿಷು ಔಷಧದ ಚೀಟಿ ಓದುವುದಕ್ಕಷ್ಟೇ ಉಳಿದಿತ್ತು. ಈಗ ಶುಕ್ರವಾರ ಬಂತೆಂದರೆ ಒಗ್ಗರಣೆ ಹಾಕುತ್ತ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಹುಳ ಎಡಕ್ಕೆ ತಿರುಗಿತು, ಕೊಳೆತ ಎಲೆಯ ಅಂಚು ತಿಂದಿತು, ಮುನಿಸಿಕೊಂಡಂತೆ ಒಳಗೆ ಸೇರಿಕೊಂಡಿತು. ಮೇಡಮ್ಮು "ಹಂಗಾ? ಆಮ್ಯಾಲೆ?" ಎನ್ನುತ್ತಿದ್ದರು. "ಆಮ್ಯಾಲೆ?" ಎಂಬ ಮಾತು ಇಷ್ಟು ಸಿಹಿಯೆಂದು ನನಗೆ ಗೊತ್ತಿರಲಿಲ್ಲ.

ಒಂದು ಶುಕ್ರವಾರ ಅವರ ದನಿಯೇ ಬೇರೆಯಾಗಿತ್ತು. "ನಿನ್ನೆ ಕಳಿಸಿದ ಫೋಟೋದಾಗ ಗೂಡಿನ ಬಾಯಿಗೆ ಬಿಳಿ ಅಂಚು ಐತಲ್ರೀ! ಇಂಥಾದ್ದು ನಾ ಎಲ್ಲೂ ನೋಡಿಲ್ಲ. ಹೊಸಾ ಜಾತಿನ ಇರಬಹುದು. ನೀವು ಅಗದಿ ಛಲೋ ನೋಡ್ತೀರಿ." ಮುಂದಿನ ವಾರ ನೋಡಲು ತಾವೇ ಬರುತ್ತೇನೆಂದರು. ಆ ರಾತ್ರಿ ನನ್ನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅಂದು ಯಾರೂ ಕೇಳಬೇಕಾಗಲಿಲ್ಲ.

ಮರುದಿನ ಅತ್ತೆಯವರು ನೀರು ಕುಡಿಯಲು ಒಳಗೆ ಬಂದರು. ಜಾಡಿಯನ್ನು ಬೆಳಕಿಗೆ ಹಿಡಿದು, "ಏನವಾ, ಈ ಹುಳಾನೂ ರಂಗೋಲಿ ಹಾಕೇತಲ್ಲ!" ಎಂದು ನಕ್ಕರು.

ನಾನು ನಗಲಿಲ್ಲ. ಅಂಗಳಕ್ಕೆ ರಂಗೋಲಿ ಹಾಕಿ ಬಂದು ಆ ಕಿಟಕಿಯಲ್ಲೇ ನಾನು ಕೈ ಕೊಡವುತ್ತೇನೆ. ನಮ್ಮ ಸಂತೆಯ ರಂಗೋಲಿ ಬಲು ಒರಟು. ಅದರ ಬಿಳಿ ಹರಳುಗಳು ಜಾಡಿಗೆ ಬಿದ್ದಿವೆ, ಹುಳ ಕೈಗೆ ಸಿಕ್ಕಿದ್ದನ್ನು ಹಚ್ಚಿ ಅಂಗಿ ಉದ್ದ ಮಾಡಿಕೊಂಡಿದೆ. ಹೊಸ ಜಾತಿಯ ಹೆಗ್ಗುರುತು ನನ್ನ ಅಂಗೈಯಿಂದ ಉದುರಿದ್ದು!

ಹೇಳದೇ ಇದ್ದರೆ? ಮೇಡಮ್ಮು ಬರುತ್ತಾರೆ, ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಇಡೀ ಮಧ್ಯಾಹ್ನ ನನ್ನೊಡನೆ ಮಾತಾಡುತ್ತಾರೆ. ಹೇಳಿದರೆ ಬರುವುದಿಲ್ಲ. ಶುಕ್ರವಾರಗಳೂ ಹೋಗಬಹುದು. ಬದನೆಕಾಯಿ ಹೆಚ್ಚುತ್ತ ಹೆಚ್ಚುತ್ತ ಇದನ್ನೇ ಯೋಚಿಸಿದೆ. ಕೊನೆಗೆ ನೋಡಿದರೆ ಒಂದು ಮದುವೆಗಾಗುವಷ್ಟು ಬದನೆಕಾಯಿ ಹೆಚ್ಚಿಟ್ಟಿದ್ದೆ. ಒದ್ದೆ ಕೈಯಲ್ಲೇ ಫೋನು ಮಾಡಿದೆ.

"ಮೇಡಮ್, ಅದು ರಂಗೋಲಿರಿ."

"ಏನ್ರಿ?"

"ಬಿಳಿ ಅಂಚು. ನಂದಽ ರಂಗೋಲಿ. ನಾನಽ ಕೈ ಝಾಡಿಸಿದ್ದು."

ಆ ಕಡೆ ಮೇಡಮ್ಮು ಕೆಮ್ಮು ಬರುವವರೆಗೆ ನಕ್ಕರು. "ಪುಣ್ಯಾತ್ಗಿತ್ತಿ, ಹೊಸಾ ಜಾತಿ ಅಂತ ಬರ್ಯೂಕಿಂತ ಮೊದ್ಲ ಹೇಳಿದ್ರಲ್ಲ! ನನ್ನ ಮಾನಾ ಉಳಸಿದ್ರಿ." ಆದರೂ ಹುಳದ ತಲೆಯ ಮೇಲಿನ ಗುರುತು ನೋಡಿದರೆ ಹೊಸ ಜಾತಿಯೇ ಇರಬಹುದೆಂಬ ಗುಮಾನಿ ಅವರಿಗಿನ್ನೂ ಇತ್ತು. ರೆಕ್ಕೆ ಬಂದ ಮೇಲೆ ಆಲ್ಕೋಹಾಲಿನಲ್ಲಿ ಹಾಕಿ ಕಳಿಸಿ, ಈಗ ಬಂದು ಪ್ರಯೋಜನವಿಲ್ಲ ಎಂದರು. ಆ ಮೇಲಿನ ಶುಕ್ರವಾರ ಫೋನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಹುಳವೂ ಗೂಡಿನ ಬಾಯಿ ಮುಚ್ಚಿಕೊಂಡು ಒಳಗೆ ಕೂತುಬಿಟ್ಟಿತು. ಇಬ್ಬರೂ ಸೇರಿ ನನ್ನ ಮೇಲೆ ಮುನಿದಂತಿತ್ತು.

ನಮ್ಮವರು ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದ ದಿನ ಅತ್ತೆಯವರು ಬಾಗಿಲಲ್ಲೇ ಮೂಸಿ ನೋಡಿದರು. "ಏ ತಮ್ಮಾ, ಮಠದ ಅಯ್ಯನವರು ಪಾದಾ ಇಡೂ ಮನಿ ಇದು. ಏನ್ ತಂದೀಯೋ?"

"ನನಗಲ್ಲ ಬೇ, ಹುಳಕ್ಕ."

"ಹುಳಕ್ಕೂ ಕುಡಿಯೂದ್ ಕಲಸ್ತೀರೇನು?"

ಒಂದು ಮುಂಜಾನೆ, ಹಾರಿಹೋಗದಿರಲೆಂದು ನಾನು ಜಾಡಿಗೆ ಕಟ್ಟಿದ್ದ ಅರಿವೆಯ ಒಳಮೈಗೆ ಒಂದು ಕಂದು ಪತಂಗ ಅಂಟಿ ಕೂತಿತ್ತು. ರೆಕ್ಕೆಯನ್ನು ಹಂಚಿನ ಮನೆಯ ಸೂರಿನಂತೆ ಮಡಿಸಿಕೊಂಡು, ಮೈಗಿಂತ ಉದ್ದದ ಮೀಸೆಯನ್ನು ಮುಂದೆ ಚಾಚಿತ್ತು. ಮೂಡುಬಿಸಿಲಲ್ಲಿ ಸ್ವಲ್ಪ ಹೊತ್ತು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯದಲ್ಲಿ ಕ್ಷಮೆ ಕೇಳಿ ಸ್ಪಿರಿಟ್ಟಿಗೆ ಹಾಕಿದೆ. ಆ ದಿನ ನನಗೆ ಊಟ ಸೇರಲಿಲ್ಲ. ಕಿಟಕಿಯ ಕಡೆ ಹೋಗಲೂ ಇಲ್ಲ.

ಶೀಶೆ ಧಾರವಾಡ ಮುಟ್ಟಿದ ಮೇಲೆ ಫೋನು ಬಂತು, ಅದೂ ಶುಕ್ರವಾರವೇ.

"ಭಾಳ ಬ್ಯಾಸರದ ಸುದ್ದಿರಿ. ಅದು ಹೆಣ್ಣು. ಈ ಹುಳದಾಗ ಹೆಣ್ಣು ನೋಡಿ ಜಾತಿ ಗುರ್ತಾ ಹಿಡಿಯೂದು ಕಷ್ಟ. ಗಂಡಿನ ಬಾಲದ ತುದಿ ನೋಡಿ ಚಿತ್ರ ಬರದ್ರನಽ ಹೊಸಾ ಜಾತಿ ಅಂತ ಒಪ್ತಾರ. ಗಂಡು ಸಿಗೂತನಕಾ ನೀವು ಹಳ್ಳದಿಂದ ಮರಿ ತಂದು ಸಾಕಬೇಕು. ನಾ ವಾರಾ ವಾರಾ ಫೋನ್ ಮಾಡ್ತೀನಿ. ವರ್ಷ ಹಿಡಿದ್ರೂ ಹಿಡೀಬಹುದು. ನಡೀತೈತಿಲ್ರಿ?"

"ಅಯ್ಯೋ, ಎಂಥಾ ಕೆಲಸ ಆತ್ರಿ ಮೇಡಮ್" ಎಂದು ಸಾಧ್ಯವಾದಷ್ಟು ದುಃಖದಿಂದ ಹೇಳಿ ಫೋನಿಟ್ಟೆ. ತಿರುಗಿದರೆ ನಮ್ಮವರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಸುದ್ದಿ ಹೇಳಿದೆ.

"ಗಂಡು ಸಿಗಲಿಲ್ಲಂತ ಇಷ್ಟು ಖುಷಿಪಡಾಕಿನ್ನ ನಾ ಎಲ್ಲೂ ನೋಡಿಲ್ಲ ಬಿಡ" ಎಂದರು.

ವಿಜ್ಞಾನದ ಮರ್ಯಾದೆಗಾದರೂ ಮುಖ ಸಪ್ಪಗೆ ಮಾಡಿಕೊಳ್ಳೋಣವೆಂದು ಪ್ರಯತ್ನಿಸಿದೆ. ಆಗಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಎರಡನೆಯ ಜಾಡಿ ತೊಳೆಯಲು ಹೋದೆ.