ಕೆಳಗಿನ ಅಂಕಿ

ಮುಷ್ಟಿಯಷ್ಟಿರುವ ಒಂದು ಪಂಪನ್ನು ನೋಡಿಕೊಳ್ಳಲು ಡಾಕ್ಟರುಗಳು ಅಷ್ಟೊಂದು ವರ್ಷ ಯಾಕೆ ಓದಬೇಕು ಎಂಬುದು ಪಂಪ್ ಮೇಸ್ತ್ರಿಗಳ ಬಹುಕಾಲದ ಅನುಮಾನ. ಹಾಗಾಗಿ, ಹೆಂಡತಿಗೆ ಬಿಪಿ ಜಾಸ್ತಿಯೆಂದು ಡಾಕ್ಟರಮ್ಮ ಮಾತ್ರೆ ಬರೆದು, ದಿನಾ ಬೆಳಿಗ್ಗೆ ಮನೆಯಲ್ಲೇ ಬಿಪಿ ಅಳೆದು ಆಮೇಲೆ ನುಂಗಬೇಕೆಂದು ಹೇಳಿದಾಗ ಅವರು ಎದೆ ತಟ್ಟಿಕೊಂಡರು.

"ಮೂರನೇ ಮಹಡಿಗೆ ನೀರು ಏರಿಸಿದವನು ನಾನು. ನಿನ್ನ ರಕ್ತ ಯಾವ ಲೆಕ್ಕ? ಇನ್ಮೇಲೆ ನಿನ್ನ ಹೃದಯ ನನ್ನ ಜವಾಬ್ದಾರಿ."

"ಮದುವೆ ದಿನ ಹೇಳ್ಬೇಕಾಗಿದ್ದ ಮಾತು," ಎಂದಳು ಹೆಂಡತಿ, ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ. "ಈಗಲಾದ್ರೂ ಬಾಯಿಗೆ ಬಂತಲ್ಲ."

ಬಿಪಿ ಯಂತ್ರ ಮನೆಗೆ ಬಂತು. ಒತ್ತಡ ಅಳೆಯುವ ಹೊಸ ಗೇಜನ್ನು ಕೆಟ್ಟ ಪಂಪಿಗೆ ಹಾಕುವ ಮೊದಲು ಒಳ್ಳೆಯ ಪಂಪಿಗೆ ಹಾಕಿ ನೋಡುವುದು ಮೇಸ್ತ್ರಿಗಳ ಕಸುಬಿನ ಪದ್ಧತಿ. ಆ ಮನೆಯಲ್ಲಿ ಒಳ್ಳೆಯ ಪಂಪು ಯಾವುದೆಂಬ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಪಟ್ಟಿಯನ್ನು ತಮ್ಮ ತೋಳಿಗೇ ಸುತ್ತಿ ಗುಂಡಿ ಒತ್ತಿದರು. ಯಂತ್ರ ಗುರ್ರೆಂದು ತೋಳನ್ನು ಹಿಂಡಿ, ಉಸ್ಸೆಂದು ಬಿಟ್ಟು, ಮೇಲೆ ನೂರ ಹದಿನೆಂಟು, ಕೆಳಗೆ ಎಪ್ಪತ್ತೆಂಟು ಎಂದು ತೋರಿಸಿತು.

"ಮೇಲಿನದು ಹೃದಯ ಹಿಂಡಿದಾಗಿನದು, ಕೆಳಗಿನದು ವಿಶ್ರಾಂತಿ ತಗೊಂಡಾಗಿನದು ಅಂತ ಅಂಗಡಿಯವನು ಹೇಳಿದ್ನಲ್ಲ," ಎಂದು ಮೇಸ್ತ್ರಿಗಳು ಯೋಚಿಸಿದರು. ಯೋಚಿಸುತ್ತಿದ್ದಂತೆ ಅವರ ಮುಖ ಬಿಳಿಚಿಕೊಂಡಿತು.

"ಲೇ, ಪಂಪು ನಿಂತ ಮೇಲೂ ಪೈಪಲ್ಲಿ ಎಪ್ಪತ್ತೆಂಟು ಯಾಕೆ ಉಳೀಬೇಕು? ಮೈಯಲ್ಲಿ ನಲ್ಲಿಗಳೆಲ್ಲ ತೆರೆದೇ ಇರ್ತವೆ. ಗೇಜು ಸೊನ್ನೆಗೆ ಬರಬೇಕಲ್ಲ? ಬಂದಿಲ್ಲ ಅಂದ್ರೆ ಮುಂದೆ ಎಲ್ಲೋ ಕಟ್ಟಿಕೊಂಡಿದೆ."

"ರೀ, ನೂರಿಪ್ಪತ್ತು-ಎಂಬತ್ತರ ಆಸುಪಾಸು ಇದ್ರೆ ಸರಿ ಅಂತ ಡಾಕ್ಟ್ರೇ ಹೇಳಿದಾರೆ."

"ಅವರು ಯಾವತ್ತಾದ್ರೂ ಪೈಪು ಬಿಚ್ಚಿದಾರಾ?"

ಹೆಂಡತಿ ಮತ್ತೆ ಹೊಲಿಗೆ ಮೆಷಿನ್ನು ತುಳಿದಳು. ಮೇಸ್ತ್ರಿಗಳು ಮತ್ತೆ ಅಳೆದರು. ಹೆದರಿ ಅಳೆದದ್ದರಿಂದ ಅಂಕಿ ಏರಿತು. ಏರಿದ್ದನ್ನು ಕಂಡು ಇನ್ನಷ್ಟು ಹೆದರಿ ಇನ್ನೊಮ್ಮೆ ಅಳೆದರು. ಸಂಜೆಯ ಹೊತ್ತಿಗೆ ಕೆಳಗಿನ ಅಂಕಿ ತೊಂಬತ್ತೆರಡಕ್ಕೆ ಹತ್ತಿ ಕೂತಿತ್ತು. ಅವರು ಊಟ ಬಿಟ್ಟರು. ತಾವಿನ್ನು ಹೆಚ್ಚು ದಿನ ಇರುವುದಿಲ್ಲ ಎಂಬುದು ಅವರಿಗೆ ಖಾತ್ರಿಯಾಗಿತ್ತು.

ಮರುದಿನ ಕಸುಬೇ ಕೈಹಿಡಿಯಿತು. ಮೇಲಿನ ಮಹಡಿಯ ನಲ್ಲಿಯಲ್ಲಿ ಒತ್ತಡ ಯಾವಾಗಲೂ ಕಡಿಮೆ. ಹಾಗಾದರೆ ಕೈಯನ್ನೂ ಮಹಡಿ ಹತ್ತಿಸಿದರೆ? ಎಡಗೈಯನ್ನು ತಲೆಯ ಮೇಲೆ ಎತ್ತಿ ಹಿಡಿದು ಅಳೆದರು. ಐವತ್ತು! ಹೋದ ಜೀವ ಮರಳಿದಂತಾಯಿತು. ಅಂದಿನಿಂದ ಆ ಕೈ ಕೆಳಗಿಳಿಯಲಿಲ್ಲ. ಕೈಯೆತ್ತಿಕೊಂಡೇ ಉಂಡರು, ಕೈಯೆತ್ತಿಕೊಂಡೇ ಬಾಗಿಲಿಗೆ ಬಂದ ಗಿರಾಕಿಯ ಮೋಟರು ನೋಡಿದರು. ಕೈಯೆತ್ತಿಕೊಂಡೇ ಬೀದಿಯಲ್ಲಿ ನಡೆದಾಗ ಬಸ್ಸೊಂದು ಕಿರ್ರನೆ ನಿಂತಿತು.

"ಹತ್ತಿ," ಎಂದ ಕಂಡಕ್ಟರು.

"ಹತ್ತಲ್ಲಪ್ಪ. ನಾನು ಇಳಿಸ್ತಾ ಇದೀನಿ."

ಕಂಡಕ್ಟರು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅದರ ಮರುದಿನ ಬೆಳಿಗ್ಗೆ ಎಡಗೈ ಜೋಮು ಹಿಡಿಯಿತು. ಒಂದು ಹಗಲು, ಒಂದು ರಾತ್ರಿ ಮೇಲೆತ್ತಿದ ಕೈ ಇನ್ನೇನು ಮಾಡೀತು? ಆದರೆ ಎಡಗೈ ಮರಗಟ್ಟಿದರೆ ಏನರ್ಥವೆಂದು ಮೇಸ್ತ್ರಿಗಳು ಯಾರ ಬಾಯಲ್ಲೋ ಕೇಳಿದ್ದರು. "ಬಂತು ಕಣೇ, ಹಾರ್ಟ್ ಅಟ್ಯಾಕು," ಎಂದು ಕುಸಿದು ಕೂತರು. ಹೆಂಡತಿ ಹೊಲಿಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಅವರನ್ನು ಹೆಗಲಿಗೆ ಆನಿಸಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಎದೆಯ ಮೇಲೆ ತಂತಿಗಳನ್ನಂಟಿಸಿ ಇಸಿಜಿ ತೆಗೆದರು, ಬಿಪಿ ನೋಡಿದರು, ಕೊನೆಗೆ ಮೇಸ್ತ್ರಿಗಳ ಮಾತನ್ನೂ ಕೇಳಿದರು.

"ನಿಮ್ಮ ಹೃದಯ ಗಟ್ಟಿಯಾಗಿದೆ. ಕೈ ಎತ್ತಿದ್ರೆ ಯಂತ್ರ ಕಡಿಮೆ ತೋರಿಸುತ್ತೆ, ಹೃದಯದ ಒತ್ತಡವೇನೂ ಕಡಿಮೆ ಆಗಲ್ಲ. ಅಳೆಯೋವಾಗ ತೋಳು ಹೃದಯದ ಮಟ್ಟದಲ್ಲಿರಬೇಕು. ಇನ್ನು ಕೆಳಗಿನ ಅಂಕಿ. ರಕ್ತನಾಳ ಕಬ್ಬಿಣದ ಪೈಪಲ್ಲ ಮೇಸ್ತ್ರಿಗಳೇ. ಹೃದಯ ಹಿಂಡಿದಾಗ ಅದು ಹಿಗ್ಗುತ್ತೆ. ಹೃದಯ ಸಡಿಲ ಆದಾಗ ಬಾಗಿಲ ಹಾಗಿರೋ ಕವಾಟ ಮುಚ್ಚಿಕೊಳ್ಳುತ್ತೆ, ಹಿಗ್ಗಿದ ನಾಳ ಕುಗ್ಗುತ್ತಾ ರಕ್ತವನ್ನ ಮುಂದಕ್ಕೆ ತಳ್ತಾ ಇರುತ್ತೆ."

ಮೇಸ್ತ್ರಿಗಳ ಕಣ್ಣು ಅರಳಿತು. "ಒಳಗೆ ರಬ್ಬರು ಚೀಲ ಇರೋ ಪ್ರೆಷರ್ ಟ್ಯಾಂಕು! ಮೋಟರು ನಿಂತ್ರೂ ನಲ್ಲೀಲಿ ನೀರು ಬರುತ್ತಲ್ಲ, ಹಾಗೆ?"

"ಹಾಗೇ. ಕೆಳಗಿನ ಅಂಕಿ ಸೊನ್ನೆಗೆ ಇಳಿದವರು ನನ್ನ ಹತ್ರ ನಡ್ಕೊಂಡು ಬರಲ್ಲ."

ಮೇಸ್ತ್ರಿಗಳ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಡಾಕ್ಟರಮ್ಮನ ಕಣ್ಣು ಗೋಡೆಗೊರಗಿ ನಿಂತಿದ್ದ ಹೆಂಡತಿಯ ಮೇಲೆ ಬಿತ್ತು. ಕೂರಿಸಿ ಅಳೆದರು. ನೂರ ಎಪ್ಪತ್ತಾರು, ನೂರ ನಾಲ್ಕು.

"ಮಾತ್ರೆ ತಗೋತಿಲ್ವಾ?"

"ಅಳೆದು ಆಮೇಲೆ ತಗೊಳ್ಳಿ ಅಂದಿದ್ರಿ ಡಾಕ್ಟ್ರೇ," ಎಂದಳು ಅವಳು ಮೆಲ್ಲಗೆ. "ಯಂತ್ರ ಇವರ ತೋಳಿಂದ ಇಳೀಲೇ ಇಲ್ಲ."

ಮೇಸ್ತ್ರಿಗಳಿಗೆ ಈಗ ನಿಜವಾದ ಹೆದರಿಕೆಯಾಯಿತು. ತಮಗಾಗಿ ಪಟ್ಟ ಹೆದರಿಕೆಯಲ್ಲಿ ಒಂದು ಬಗೆಯ ಗತ್ತು ಇತ್ತು, ಇದರಲ್ಲಿ ಏನೂ ಇರಲಿಲ್ಲ. ಯಂತ್ರ ತಂದದ್ದೇ ಇವಳಿಗಾಗಿ. ಇವಳಿಲ್ಲದ ಮನೆಯನ್ನು ಒಂದು ಗಳಿಗೆ ಮನಸ್ಸಿಗೆ ತಂದುಕೊಂಡರು.

ಡಾಕ್ಟರಮ್ಮ ಮಾತ್ರೆ ನುಂಗಿಸಿ ಅವಳನ್ನು ಮಲಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುವುದೆಂದಾಯಿತು. ಮೇಸ್ತ್ರಿಗಳು ಅವಳ ಕೈ ಹಿಡಿದು ಸಮಾಧಾನ ಹೇಳತೊಡಗಿದರು.

"ಹೆದರಬೇಡ ಕಣೇ, ನಾನಿದೀನಿ. ತಲೆ ಸುತ್ತುತ್ತಾ? ಎದೆ ಹಿಡೀತಾ? ನೂರ ನಾಲ್ಕು ಅಂದ್ರೆ ನಾಳಕ್ಕೆ ಎಷ್ಟು ಪೆಟ್ಟು ಗೊತ್ತಾ? ಮೊನ್ನೆ ಒಂದು ಕಡೆ ಹೀಗೇ ಒತ್ತಡ ಏರಿ ಪೈಪು ಸಿಡಿದು ಗೋಡೆಯೇ..."

ಡಾಕ್ಟರಮ್ಮ ಮತ್ತೆ ಅಳೆದರು. ಕೆಳಗಿನ ಅಂಕಿ ಇಳಿದಿರಲಿಲ್ಲ, ನೂರ ಆರಕ್ಕೆ ಏರಿತ್ತು. ಅವರು ಮೇಸ್ತ್ರಿಗಳ ಭುಜ ಹಿಡಿದು ಹೊರಗೆ ಕರೆದೊಯ್ದು, ಬೆಂಚಿನ ಮೇಲೆ ಕೂರಿಸಿ ಬಾಗಿಲು ಮುಚ್ಚಿದರು.

ಬೆಂಚಿನ ಮೇಲೆ ಮೇಸ್ತ್ರಿಗಳು ಉಗುರು ಕಚ್ಚುತ್ತಾ ಕೂತರು. ಒಳಗಿನಿಂದ ಯಂತ್ರ ಗುರ್ರೆಂದು ಉಸ್ಸೆನ್ನುವ ಸದ್ದು ಕೇಳಿದಾಗ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಕೆಳಗಿನದು ಎಷ್ಟು?"

"ಇಳೀತಾ ಇದೆ," ಎಂದಿತು ಒಳಗಿನ ಧ್ವನಿ. ಅದು ಡಾಕ್ಟರಮ್ಮನದಲ್ಲ, ಹೆಂಡತಿಯದು. "ನೀವು ಅಲ್ಲೇ ಕೂತಿರಿ."